ಮುಟ್ಟದ ಚೌಕ

ಶೈಲಜಾ, ನೀನು ಗುಡ್ಡ ಹತ್ತಿದ್ದೆ. ಮೂರು ವರ್ಷವೂ ಹತ್ತಿದ್ದೆ. ಒಂದೊಂದು ಚೌಕದಲ್ಲೂ ಮಂಡಿಯೂರಿ ಕೂತು ಗಿಡ ಎಣಿಸಿದ್ದೆ. ನೀನು ಬರೆದ ಸೊನ್ನೆ ನಿಜವಾದ ಸೊನ್ನೆಯೇ ಆಗಿತ್ತು. ಸಮಿತಿಯ ಮುಂದೆ ಕೂತು ನಾನು ‘ನನಗೆ ಗೊತ್ತಿಲ್ಲ’ ಎಂದಾಗ ಇದೆಲ್ಲ ನನಗೆ ಗೊತ್ತಿತ್ತು. ನಿನ್ನ ಟಿಪ್ಪಣಿ ಪುಸ್ತಕದಿಂದ ಹಾಳೆ ಕತ್ತರಿಸಿ ತೆಗೆದವನೂ ನಾನೇ.

ಇಷ್ಟು ಬರೆಯುವುದಕ್ಕೆ ನನಗೆ ಒಂದು ವರ್ಷದ ಮೇಲೆ ಹಿಡಿಯಿತು—ಊರವರ ಪ್ರಬಂಧಗಳನ್ನೆಲ್ಲ ತಿದ್ದಿಕೊಟ್ಟ ಕೈ ಇದು! ಇದನ್ನು ನಿನಗೊಬ್ಬಳಿಗೇ ಕಳಿಸಿದರೆ ಇನ್ನೊಂದು ಗುಟ್ಟಾಗಿ ಉಳಿದೀತು. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಮತ್ತೆ ಹೇಳುತ್ತೇನೆ, ಸಹಿಸಿಕೋ. ನಿನಗೆ ಗೊತ್ತಿಲ್ಲದ ಸಂಗತಿಯೊಂದೂ ಇದೆ. ಅದು ಆ ಹಾಳೆಗಿಂತ ಹಳೆಯದು.

2014ರ ಚಂಡಮಾರುತ ವಿಶಾಖಪಟ್ಟಣದ ಗುಡ್ಡಗಳ ಮರಗಳನ್ನು ಉರುಳಿಸಿ ಹೋದ ಮೇಲೆ ನೆಲಕ್ಕೆ ಬಿಸಿಲು ಬಿತ್ತು. ಬಿಸಿಲು ಬಿದ್ದಲ್ಲೆಲ್ಲ ಮೊದಲು ಎದ್ದದ್ದು ಲಂಟಾನ. ಹೂವಿನ ಚೆಂದಕ್ಕೆಂದು ಯಾವ ಕಾಲದಲ್ಲೋ ಹೊರದೇಶದಿಂದ ತಂದ ಗಿಡ ಅದು. ಈಗ ಇಳಿಜಾರನ್ನೆಲ್ಲ ಮುಚ್ಚಿಕೊಂಡು, ತನ್ನ ಕೆಳಗೆ ಬೇರೊಂದು ಬೀಜ ಕಣ್ಣು ಬಿಡದಂತೆ ಕೂತಿದೆ. ಅದನ್ನು ಕಿತ್ತರೆ ಈ ನೆಲದ ಗಿಡಗಳು—ಕಕ್ಕೆ, ತೂಬರೆ, ನೇರಳೆ—ತಾವಾಗಿ ಹಿಂದಿರುಗುತ್ತವೆಯೇ? ನಮ್ಮ ಯೋಜನೆ ಕೇಳಿದ ಪ್ರಶ್ನೆ ಇಷ್ಟೇ.

ಉತ್ತರ ಹುಡುಕುವ ರೀತಿಯೂ ಸರಳ. ಇಳಿಜಾರಿನಲ್ಲಿ ಹತ್ತು ಚೌಕ ಗುರುತಿಸಿ, ಒಂದೊಂದರ ಮೂಲೆಗೂ ಸುಣ್ಣ ಬಳಿದು ಅಂಕಿ ಬರೆದ ಕಲ್ಲು ನೆಟ್ಟೆವು. ಚೀಟಿ ಎತ್ತಿ, ಐದು ಚೌಕಗಳಲ್ಲಿ ಲಂಟಾನವನ್ನು ಬೇರುಸಹಿತ ಕೀಳಿಸುವುದು. ಉಳಿದ ಐದನ್ನು ಯಾರೂ ಮುಟ್ಟದೆ ಹಾಗೇ ಬಿಡುವುದು. ಪ್ರತಿವರ್ಷ ಮಳೆ ನಿಂತ ಮೇಲೆ ಎರಡು ಬಗೆಯ ಚೌಕಗಳನ್ನೂ ಎಣಿಸಿ ಹೋಲಿಸುವುದು. ‘ಮುಟ್ಟದ ಚೌಕ’ ಎಂದು ಹೆಸರಿಟ್ಟವನು ನಾನೇ. ಅವು ನಿಜಕ್ಕೂ ಯಾರ ಕೈಯೂ ಸೋಕದೆ ಉಳಿದರೆ ಮಾತ್ರ ಈ ಹೋಲಿಕೆಗೆ ಅರ್ಥ. ಹಾಗೆ ಉಳಿದಿವೆ ಎಂದು ಪ್ರತಿ ತಿಂಗಳೂ ಗುಡ್ಡ ಹತ್ತಿ, ಕಣ್ಣಾರೆ ನೋಡಿ, ಸಹಿ ಹಾಕುವ ಜವಾಬ್ದಾರಿಯೂ ಯೋಜನೆಯ ಮುಖ್ಯಸ್ಥನಾದ ನನ್ನದಾಗಿತ್ತು.

2015ರ ಮಳೆಗಾಲದಲ್ಲಿ ನೀನು ಸಂಶೋಧನಾ ಸಹಾಯಕಿಯಾಗಿ ಬಂದು ಸೇರಿದೆ. ನಿನ್ನ ಪಿಎಚ್.ಡಿ.ಯೂ ಈ ಎಣಿಕೆಯ ಮೇಲೇ ನಿಂತಿತ್ತು. ನಿಮ್ಮಪ್ಪ ಗುರುಸಿದ್ಧಪ್ಪನವರು ಗದಗದ ಕಡೆಯವರು, ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದು ಸಮುದ್ರ ಮೆಚ್ಚಿ ಇಲ್ಲೇ ನಿಂತುಬಿಟ್ಟವರು. ನೀನು ಹುಟ್ಟಿ ಬೆಳೆದದ್ದೆಲ್ಲ ವಿಶಾಖಪಟ್ಟಣವೇ. ಕನ್ನಡ ನಿನಗೆ ಮನೆಯೊಳಗಿನ ಮಾತು. ಗಾಬರಿಯಾದಾಗ ಅದರ ಕೊನೆಗೆ, ನಮ್ಮ ‘ರೀ’ಯಂಥ, ತೆಲುಗಿನ ‘ಅಂಡಿ’ ಬಂದು ಅಂಟಿಕೊಳ್ಳುತ್ತಿತ್ತು. ಅದಕ್ಕೆ ನಾನು ತಮಾಷೆ ಮಾಡುತ್ತಿದ್ದೆ, ನೀನು ನಾಚಿಕೊಳ್ಳುತ್ತಿದ್ದೆ.

ನೀನು ಸೇರಿದ ಹೊಸದರಲ್ಲಿ ನಾನು ನಿಮ್ಮ ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ತಿಂದೆ. ಕೈ ತೊಳೆಯಲು ಏಳುವ ಹೊತ್ತಿಗೆ ನಿಮ್ಮಪ್ಪ ಅಂದರು: “ಹುಡುಗೀನ್ನ ನಿಮ್ಮ ಕೈಯಾಗ ಕೊಟ್ಟೇನ್ರಿ ಶ್ರೀಪಾದ ಸರ. ಈ ಊರಾಗ ನಮ್ಮ ಮಾತಿನವ್ರು ಸಿಕ್ಕ್ರಿ, ಇನ್ನ ನನಗ ಚಿಂತಿ ಇಲ್ಲ ನೋಡ್ರಿ.”

ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ನಮ್ಮ ಭಾಷೆಯ ಬೇಲಿ ಹಾಗೆ ಮಾಡಲಿಕ್ಕಿಲ್ಲ ಎಂದು ನಂಬಿದ್ದರು.

ಮೊದಲ ವರ್ಷ ನಾನು ಗುಡ್ಡ ಹತ್ತಿದೆ. ಎರಡನೆಯ ವರ್ಷ ಮೊಣಕಾಲು ನೋವು ಎಂಬ ನೆಪ ಸಿಕ್ಕಿತು. ನೆಪ ಎನ್ನುತ್ತಿದ್ದೇನೆ—ಯಾಕೆಂದರೆ ಅದೇ ಮೊಣಕಾಲಿನಲ್ಲಿ ವಿಜಯವಾಡಕ್ಕೆ ಹೋಗಿ ಇಂದ್ರಕೀಲಾದ್ರಿಯ ಮೇಲಿನ ಕನಕದುರ್ಗೆಯ ಗುಡಿಗೆ ಮೆಟ್ಟಿಲು ಹತ್ತಿ ಬಂದಿದ್ದೇನೆ. ಕೋಣೆಯಲ್ಲಿ ಚಹಾ ಕುಡಿಯುತ್ತ ‘ಯಾರೂ ಮುಟ್ಟಿಲ್ಲ’ ಎಂಬ ಸಾಲಿನ ಕೆಳಗೆ ತಿಂಗಳು ತಿಂಗಳೂ ಸಹಿ ಹಾಕಿದೆ. 2016ರ ಎಣಿಕೆಯಲ್ಲಿ ಮುಟ್ಟದ ಪಾಲಿನ ಒಂದನೆಯ ಚೌಕದಲ್ಲಿ ಲಂಟಾನ ಕಡಿಮೆಯಾಗಿದೆ ಎಂದು ನೀನು ಬಂದು ಹೇಳಿದಾಗ ‘ಮೇಕೆ ತಿಂದಿರಬೇಕು’ ಎಂದುಬಿಟ್ಟೆ. ಮೇಕೆಗಳು ಲಂಟಾನವನ್ನು ಮೂಸಿ ಮುಂದೆ ಹೋಗುತ್ತವೆ ಎಂದು ತರಗತಿಯಲ್ಲಿ ಪಾಠ ಮಾಡುವವನು ನಾನು. ನೀನು ನನ್ನ ಮುಖ ನೋಡಿ ಹೊರಟುಹೋದೆ.

2017ರ ಎಣಿಕೆ ಮುಗಿಸಿದ ದಿನ ನೀನು ಕೆಸರಿನ ಬೂಟಿನಲ್ಲೇ ನನ್ನ ಕೋಣೆಗೆ ಬಂದೆ.

“ಸರ್, ಒಂದು, ಎರಡು, ಮೂರು—ಮುಟ್ಟದ ಈ ಮೂರೂ ಚೌಕದಾಗ ಲಂಟಾನ ಸೊನ್ನಿ ಐತ್ರಿ. ಯಾರೋ ಕಿತ್ತು ಕಸ ಹೊಡದಾರ. ಕಲ್ಲಿಗೆ ಅರಿಶಿಣ ಬಳದು ಹೂವು ಇಟ್ಟಾರ. ಕೆಳಗಿನ ಊರಿನ ಹೆಂಗಸ್ರು ಅವನ್ನ ಅಕ್ಕತಂಗ್ಯಾರು ಅಂತಾರ್ರಿ, ಮೂರು ಮಂದಿ ಅಮ್ಮನೋರು.”

ಅರಿಶಿನ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಎಲ್ಲ ಅರ್ಥವಾಯಿತು. ಯಾಕೆ ಅರ್ಥವಾಯಿತು ಎಂಬುದೇ ಆ ಹಳೆಯ ಸಂಗತಿ.

ನೀನು ಕೆಲಸಕ್ಕೆ ಸೇರುವ ಮೊದಲು, ಕಲ್ಲು ನೆಟ್ಟ ಮಾರನೆಯ ಬೆಳಿಗ್ಗೆ, ನಾನು ರಾಜೇಶ್ವರಿಯ ಜೊತೆ ಗುಡ್ಡ ಹತ್ತಿದ್ದೆ. ರಾಜೇಶ್ವರಿ ನನ್ನ ಹೆಂಡತಿ, ತವರು ವಿಜಯವಾಡದ ಪಟಮಟ. ಹೊಸ ಕೆಲಸ ದೇವರ ಹೆಸರಲ್ಲಿ ಶುರುವಾಗಲಿ ಎಂದು ಕನಕದುರ್ಗೆಯ ಕುಂಕುಮ ತಂದಿದ್ದಳು. ಅವಳ ಮೇಲೆ ಹಾಕಿ ಜಾರಿಕೊಳ್ಳಲಾರೆ—ಹಚ್ಚಿದ್ದು ನನ್ನ ಬೆರಳು. ನಾವು ಆಯುಧಪೂಜೆಗೆ ಸೂಕ್ಷ್ಮದರ್ಶಕಕ್ಕೂ ಕುಂಕುಮ ಇಡುವವರು, ಪ್ರಯೋಗಶಾಲೆಯ ಫ್ರಿಜ್ಜಿಗೂ ಹೂವು ಏರಿಸುವವರು. ನೆಟ್ಟ ಕಲ್ಲಿಗೆ ಪೂಜೆ ಮಾಡುವುದರಲ್ಲಿ ತಪ್ಪೇನು ಎನ್ನಿಸಿತು. ಒಂದನೆಯ ಕಲ್ಲಿಗೆ ಅರಿಶಿನ ಬಳಿದೆ, ಕುಂಕುಮ ಇಟ್ಟೆ, ಕಾಯಿ ಒಡೆದೆ. ಮಿಕ್ಕಿದ್ದನ್ನು ಚೆಲ್ಲುವುದು ಬೇಡವೆಂದು ಪಕ್ಕದ ಎರಡು ಕಲ್ಲಿಗೂ ಹಚ್ಚಿದೆ.

ತಿರುಗಿ ನೋಡಿದರೆ ಸೌದೆ ಹೊತ್ತ ಇಬ್ಬರು ಹೆಂಗಸರು ನಿಂತಿದ್ದರು. ಹೊರೆ ಇಳಿಸಿ, ಚಪ್ಪಲಿ ಬಿಟ್ಟು, ಕಲ್ಲಿಗೆ ಕೈ ಮುಗಿದರು. ಚಂಡಮಾರುತದಲ್ಲಿ ಮನೆಯ ಚಾವಣಿ ಹಾರಿಹೋದ ಜನ. ಅವರಿಗೆ ಒಬ್ಬ ತಾಯಿ ಬೇಕಾಗಿದ್ದಳು. ‘ಇದು ದೇವರಲ್ಲ, ಅಂಕಿಯ ಕಲ್ಲು’ ಎಂದು ಒಂದು ಮಾತು ನಾನು ಹೇಳಬೇಕಿತ್ತು. ಹೇಳಲಿಲ್ಲ. ಮರೆತು ಹೇಳದೆ ಹೋದದ್ದಲ್ಲ, ಶೈಲಜಾ. ದೇವರೆಂದು ತಿಳಿದರೆ ಯಾರೂ ಕಲ್ಲು ಕಿತ್ತೊಯ್ಯುವುದಿಲ್ಲ, ಕಾವಲು ಬಿಟ್ಟಿ ಸಿಕ್ಕಿತು ಎಂದು ಒಳಗೊಳಗೇ ನಕ್ಕಿದ್ದೆ. ವಾರದ ಮೇಲೆ ಚೀಟಿ ಎತ್ತಿದಾಗ ಆ ಮೂರೂ ಚೌಕಗಳು ‘ಮುಟ್ಟದ’ ಪಾಲಿಗೆ ಬಿದ್ದವು. ಆಗಲಾದರೂ ಬೇರೆ ಕಡೆ ಕಲ್ಲು ನೆಡಿಸಬಹುದಿತ್ತು. ಆ ಹೆಂಗಸರು ಕಲ್ಲನ್ನು ಕಾಯ್ದರು, ನಾನು ಎಣಿಸಿದ ಹಾಗೆಯೇ. ಆದರೆ ತಾಯಿಯ ಸುತ್ತ ಮುಳ್ಳುಪೊದೆ ಯಾರು ಬಿಟ್ಟಾರು?

ಹೀಗೆ, ಮುಟ್ಟದ ಚೌಕವನ್ನು ಮೊದಲು ಮುಟ್ಟಿದವನು ನಾನು. ಇದು ನಿನಗೆ ಗೊತ್ತಿಲ್ಲ.

ನೀನು ಎದುರಿಗೆ ನಿಂತಿದ್ದೆ. ನಿನ್ನ ಸೊನ್ನೆ ನಿಜವಾದರೆ ನನ್ನ ಸಹಿಗಳೆಲ್ಲ ಸುಳ್ಳು. ಊರಿಗೆ ಹೋಗಿ ಯಾರಾದರೂ ವಿಚಾರಿಸಿದರೆ ಅರಿಶಿನದ ಕಥೆಯೂ ಹೊರಗೆ ಬರುತ್ತದೆ. ಸಸ್ಯವಿಜ್ಞಾನಿ ತನ್ನ ಪ್ರಯೋಗವನ್ನು ತಾನೇ ಪೂಜಿಸಿ ಕೆಡಿಸಿದ ಎಂದು ನಗುವ ಮುಖಗಳು ಕಣ್ಣ ಮುಂದೆ ಬಂದವು—ಹೆಸರು ಸಮೇತ. “ಹೋದ ವರ್ಷದ ಅಂಕಿ ಇದೆಯಲ್ಲ, ಅದಕ್ಕೇ ಸ್ವಲ್ಪ ಹೆಚ್ಚುಕಡಿಮೆ ಮಾಡಿ ಬರೆದುಬಿಡು. ಯಾರು ಹತ್ತಿ ನೋಡ್ತಾರೆ?” ಎಂದೆ.

“ಅಬದ್ಧ ಬರಿಯೋದು ನನ್ನಿಂದ ಆಗೋದಿಲ್ಲಂಡಿ ಸರ್. ಸೊನ್ನಿ ಇದ್ದಲ್ಲಿ ಸೊನ್ನೀನ ಬರೀಬೇಕಲ್ರಿ.”

ಆ ‘ಅಂಡಿ’ಗೆ ಅವತ್ತು ನಾನು ತಮಾಷೆ ಮಾಡಲಿಲ್ಲ. ಸರಿ, ಸೊನ್ನೆಯನ್ನೇ ಬರಿ, ಆದರೆ ಅರಿಶಿನ, ಹೂವು ಇವೆಲ್ಲ ವರದಿಯಲ್ಲಿ ಬೇಡ, ಅದನ್ನು ನಾನು ವಿವರಿಸುತ್ತೇನೆ ಎಂದೆ. ಟಿಪ್ಪಣಿ ನಿನ್ನ ಪುಸ್ತಕದಲ್ಲಿ ಇದ್ದೇ ಇದೆಯಲ್ಲ ಎಂಬ ಧೈರ್ಯದಲ್ಲಿ ನೀನು ಒಪ್ಪಿದೆ. ಪುಟ ನಲವತ್ತೊಂದು.

ಮರುವರ್ಷ ಹೊರಗಿನ ತಜ್ಞರ ಸಮಿತಿ ವರದಿ ನೋಡಲು ಬಂತು. ಬರುವ ಮುಂಚಿನ ಭಾನುವಾರ, ಮಧ್ಯಾಹ್ನದ ಊಟ ಮುಗಿಸಿ, ಯಾರೂ ಇಲ್ಲದ ಪ್ರಯೋಗಶಾಲೆಗೆ ಹೋದೆ. ಗಿಡದ ಕಾಂಡವನ್ನು ತೆಳ್ಳಗೆ ಕೊಯ್ಯುವ ಬ್ಲೇಡು ತೆಗೆದುಕೊಂಡು ನಿನ್ನ ಪುಸ್ತಕದ ಆ ಹಾಳೆಯನ್ನು ಹೊಲಿಗೆಯ ಅಂಚಿಗೆ ಕತ್ತರಿಸಿದೆ. ಇಪ್ಪತ್ತೈದು ವರ್ಷ ವಿದ್ಯಾರ್ಥಿಗಳಿಗೆ ಕೊಯ್ಯುವುದು ಕಲಿಸಿದ ಕೈ—ಒಂದು ಎಳೆಯೂ ಏಳಲಿಲ್ಲ. ಹಾಳೆಯನ್ನು ಸುಡಲಿಲ್ಲ, ಬೀರುವಿನಲ್ಲಿಟ್ಟೆ. ಪಾಪಪ್ರಜ್ಞೆಯಿಂದ ಇಟ್ಟೆ ಎಂದರೆ ಅದೂ ಸುಳ್ಳಾದೀತು. ಸಂಶೋಧಕ ದಾಖಲೆ ಸುಡುವುದಿಲ್ಲ ಎಂಬ ಜಂಭ ಅದು.

ಸಮಿತಿಯ ಹಿರಿಯರು ಕನ್ನಡಕ ಸರಿಮಾಡಿಕೊಂಡು ಕೇಳಿದರು: ಯಾರೂ ಮುಟ್ಟಿಲ್ಲವೆಂದು ತಿಂಗಳು ತಿಂಗಳೂ ಸಹಿ ಇದೆ, ಆದರೂ ಲಂಟಾನ ತಾನಾಗಿ ಎದ್ದು ಹೋಯಿತೇ? ಎಲ್ಲರೂ ನಕ್ಕರು. ನಾನೂ ನಕ್ಕೆ. ನಿನ್ನನ್ನು ಕರೆಸಿದರು. ನೀನು ಪುಸ್ತಕ ತೆರೆದೆ. ನಲವತ್ತು ಆಯಿತು, ನಲವತ್ತಮೂರು ಬಂತು. ಹಿಂದೆ ತಿರುವಿದೆ, ಮತ್ತೆ ಮುಂದೆ ತಿರುವಿದೆ. ಆಮೇಲೆ ನನ್ನ ಕಡೆ ನೋಡಿದೆ. ಅನುಮಾನದಿಂದ ನೋಡಲಿಲ್ಲ—ಸಹಾಯಕ್ಕಾಗಿ ನೋಡಿದೆ. ಅದನ್ನು ನಾನು ಇವತ್ತಿಗೂ…

ಇಲ್ಲದ ಹಾಳೆಯನ್ನು ನೀನೇ ಕಿತ್ತಿರಬೇಕು ಎಂದರು. ನೀನು ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಸುಣ್ಣದ ಅಂಕಿಯ ಮೇಲೆ ಅರಿಶಿನ ದಪ್ಪಗೆ ಮೆತ್ತಿತ್ತು. ‘ಇಂಥ ಕಲ್ಲು ಈ ಸೀಮೆಯ ಯಾವ ಗುಡ್ಡದಲ್ಲಿಲ್ಲ?’ ಎಂದರು. ಊರಿನ ಹೆಂಗಸರನ್ನು ಕೇಳಿ ಎಂದೆ ನೀನು. ಕೇಳಿದ ಮಾತು ದಾಖಲೆಯಾಗುವುದಿಲ್ಲ ಎಂದರು. ಒಬ್ಬರು ಮಾತ್ರ, ಹೋಗಿ ನೋಡಿಯೇ ಬರೋಣವೇ ಎಂದರು. ದಾರಿಯೆಲ್ಲ ಮುಳ್ಳು ಬೆಳೆದಿದೆ, ಹಾವುಗಳಿವೆ ಎಂದೆ ನಾನು. ಆ ದಾರಿಯನ್ನು ಹೆಂಗಸರು ಮಂಗಳವಾರ ಶುಕ್ರವಾರ ಗುಡಿಸುತ್ತಿದ್ದರಂತೆ, ಆಮೇಲೆ ತಿಳಿಯಿತು.

ಕೊನೆಗೆ ಹಿರಿಯರು ನನ್ನನ್ನೇ ಕೇಳಿದರು: “ಈ ಹುಡುಗಿ ಗುಡ್ಡ ಹತ್ತಿ ಎಣಿಸಿದ್ದು ನಿಜವೇ? ನಿಮಗೇನಾದರೂ ಗೊತ್ತೇ?”

“ನನಗೆ ಗೊತ್ತಿಲ್ಲ. ಎಣಿಕೆ ಪೂರ್ತಿ ಅವಳದೇ.”

ಇಷ್ಟೇ. ಎರಡು ಪುಟ್ಟ ವಾಕ್ಯ. ಎರಡನೆಯದು ನಿಜ ಕೂಡ—ಸುಳ್ಳಿಗೆ ನಿಜದ ಒಗ್ಗರಣೆ ಹಾಕಿದರೆ ಎಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯುತ್ತದೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ನಿನ್ನನ್ನು ಯೋಜನೆಯಿಂದ ತೆಗೆದರು, ಪಿಎಚ್.ಡಿ. ನೋಂದಣಿ ರದ್ದಾಯಿತು, ‘ಅಂಕಿ ಸೃಷ್ಟಿಸಿದವಳು’ ಎಂಬ ಮಾತು ನಿನ್ನ ಹೆಸರಿಗೆ ಅಂಟಿತು.

ನಿಮ್ಮಪ್ಪ ಒಂದು ದಿನ ನನ್ನ ಕೋಣೆಗೆ ಬಂದಿದ್ದರು. ಇದನ್ನು ಅವರು ನಿನಗೆ ಹೇಳಿದ್ದಾರೋ ಇಲ್ಲವೋ. ಕೂತುಕೊಳ್ಳಿ ಎಂದರೂ ಕೂರಲಿಲ್ಲ. “ನಮ್ಮ ಹುಡುಗಿ ಹಂಗ ಮಾಡಾಕಿ ಅಲ್ರಿ ಸರ. ಮಾಡ್ಯಾಳಂತ ನೀವು ಹೇಳಿದ್ರ ನಾನು ನಂಬ್ತೇನ್ರಿ. ಹೇಳ್ರಿ, ಮಾಡ್ಯಾಳೇನು?” ಎಂದು ಕೇಳಿದರು. ನಾನು ಅವರ ಕೈ ಹಿಡಿದು, “ವಯಸ್ಸು ಚಿಕ್ಕದು ಗುರುಸಿದ್ಧಪ್ಪನವರೇ, ತಪ್ಪಾಗುತ್ತೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದೆ. ನಿನ್ನನ್ನು ಕ್ಷಮಿಸಿದೆ, ನೋಡು—ಎಂಥ ದೊಡ್ಡ ಮನಸ್ಸು! ಅವರು ಕೈ ಬಿಡಿಸಿಕೊಂಡು ನಮಸ್ಕಾರ ಮಾಡಿ ಹೊರಟರು. ಬಾಗಿಲ ಹೊರಗೆ ಚಪ್ಪಲಿ ಹಾಕಿಕೊಳ್ಳಲು ಅವರಿಗೆ ತುಂಬ ಹೊತ್ತು ಹಿಡಿಯಿತು. ನಾನು ಕಾಗದ ನೋಡುತ್ತ ಕೂತಿದ್ದೆ.

ನನಗೆ ಬಡ್ತಿ ಸಿಕ್ಕಿತು. ವಿಜಯವಾಡಕ್ಕೆ ಬಂದೆ, ಪಟಮಟದಲ್ಲಿ ಮಾವನ ಮನೆಗೆ ಎರಡು ಬೀದಿ ಆಚೆ ಮನೆ. ಈಗ ಕಾಲುವೆಗಳನ್ನು ಮುಚ್ಚಿಕೊಂಡ ಅಂತರಗಂಗೆಯ ಮೇಲೆ ಕೆಲಸ—ಅದೂ ಹೂವಿನ ಚೆಂದಕ್ಕೆ ಬಂದು ನೀರು ನುಂಗಿದ ಗಿಡವೇ. ಹೊಸದಾಗಿ ಸೇರುವ ಸಹಾಯಕರಿಗೆ ಟಿಪ್ಪಣಿ ಪುಸ್ತಕ ಇಡುವುದು ಹೇಗೆಂದು ತರಬೇತಿ ಕೊಡುವುದು ನಾನೇ. ಪೆನ್ನಿನಲ್ಲೇ ಬರೆಯಿರಿ, ಹಾಳೆ ಕೀಳಬೇಡಿ, ಪುಟಗಳಿಗೆ ಅಂಕಿ ಹಾಕಿ ಎನ್ನುತ್ತೇನೆ. ಹೋದ ಸಲ ಒಬ್ಬ ಹುಡುಗಿ ಎದ್ದು, ಅಂಕಿ ಯಾಕೆ ಸರ್ ಎಂದು ಕೇಳಿದಳು. ಯಾರಾದರೂ ಕಿತ್ತರೆ ಗೊತ್ತಾಗಲಿ ಎಂದು—ಹೇಳಿ, ಎದ್ದು ಹೊರಗೆ ಹೋದೆ. ನೀರು ಕುಡಿದು ಬಂದು ಪಾಠ ಮುಂದುವರಿಸಿದೆ.

ನೀನು ವಿಶಾಖಪಟ್ಟಣದ ಹತ್ತಿರವೇ ಇರುವ ಪರವಾಡದ ಔಷಧಿ ಕಾರ್ಖಾನೆಯೊಂದರಲ್ಲಿ ಮಾತ್ರೆ ಪರೀಕ್ಷಿಸುವ ಕೆಲಸದಲ್ಲಿದ್ದೀ ಎಂದು ಯಾರೋ ಹೇಳಿದ್ದರು. 2019ರ ಮಳೆ ಮುಗಿದ ಮೇಲೆ ಕೆಲಸದ ಮೇಲೆ ವಿಶಾಖಪಟ್ಟಣಕ್ಕೆ ಬಂದೆ. ಪಾಳಿ ಬಿಟ್ಟ ಕಂಪನಿ ಬಸ್ಸುಗಳು ಸಾಲಾಗಿ ಎದುರು ಬಂದವು. ನಾನು ಕಾರಿನಲ್ಲಿ ತಲೆ ಬಗ್ಗಿಸಿ ಕೂತೆ. ಮರುದಿನ ಬೆಳಿಗ್ಗೆ, ಯಾಕೆಂದು ಕೇಳಬೇಡ, ಆ ಗುಡ್ಡ ಹತ್ತಿದೆ.

ಮೊದಲ ಮೂರು ಕಲ್ಲುಗಳ ಮೇಲೆ ಈಗ ತಗಡಿನ ಚಪ್ಪರ. ಪೈಡಮ್ಮ ಎಂಬ ಮುದುಕಿ ಗುಡಿಸುತ್ತಿದ್ದಳು. ಸೌದೆ ಇಳಿಸಿ ಕೈ ಮುಗಿದ ಇಬ್ಬರಲ್ಲಿ ಅವಳೂ ಒಬ್ಬಳು. ನನಗೆ ಗುರುತು ಸಿಕ್ಕಿತು, ಅವಳಿಗೆ ನನ್ನ ಗುರುತು ಸಿಗಲಿಲ್ಲ. ಚಪ್ಪರದ ಸುತ್ತ, ಲಂಟಾನ ಇದ್ದ ಜಾಗದಲ್ಲಿ, ಸೊಂಟದೆತ್ತರದ ಕಕ್ಕೆ, ನೇರಳೆ, ತೂಬರೆ. ಒಂದೊಂದಕ್ಕೂ ಅಂಕಿಯ ಚೀಟಿ ಕಟ್ಟಿತ್ತು. ನಾವು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿ ಎಲೆ ಬಿಟ್ಟುಕೊಂಡು ನಿಂತಿತ್ತು. ನಿನ್ನ ಸೊನ್ನೆಯೊಳಗೇ ಆ ಉತ್ತರ ಇತ್ತು. ಅದನ್ನು ನಾನು ಬ್ಲೇಡಿನಿಂದ ಕತ್ತರಿಸಿದ್ದೆ.

“ಚೀಟಿ ಕಟ್ಟಿದ್ದು ಯಾರಮ್ಮಾ?” ಎಂದು ತೆಲುಗಿನಲ್ಲಿ ಕೇಳಿದೆ.

“ಕಂಪನಿ ಹುಡುಗಿ, ಬಾಬೂ. ರಜೆ ಸಿಕ್ಕಿದ ದಿನ ಬರ್ತಾಳೆ. ಎಣಿಸ್ತಾಳೆ, ಬರೀತಾಳೆ, ಹೋಗ್ತಾಳೆ. ಪಗಾರ ಯಾರು ಕೊಡ್ತಾರೆ ಅಂದ್ರೆ ನಗ್ತಾಳೆ.” ಆಮೇಲೆ ಕಲ್ಲುಗಳ ಕಡೆ ಕೈ ತೋರಿಸಿ ಹೇಳಿದಳು: “ಗಾಳಿ ಬಂದ ಮರುವರ್ಷ ಒಬ್ಬ ದೊಡ್ಡ ಸ್ವಾಮಿ, ಅವರ ಹೆಂಡತಿ ಬಂದು ಈ ತಾಯಂದಿರನ್ನ ನಮಗೆ ತೋರಿಸಿ ಹೋದ್ರು. ಆಮೇಲೆ ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಆ ಹುಡುಗಿ ಬಂದಾಗೆಲ್ಲ ಅವರು ಯಾರು ಅಂತ ಕೇಳ್ತಾಳೆ. ನಿನಗೇನಾದ್ರೂ ಗೊತ್ತಾ ಬಾಬೂ?”

ಗೊತ್ತಿಲ್ಲ ಎಂದೆ. ಎರಡನೆಯ ಸಲ.

ಅವಳು ನೀರು ತರಲು ಕೆಳಗೆ ಇಳಿದಾಗ ಕಲ್ಲಿನ ಹಿಂದೆ ಕಂಡ ಡಬ್ಬಿಯೊಂದನ್ನು ತೆರೆದು ನಿನ್ನ ಪುಸ್ತಕ ನೋಡಿದೆ. ಮತ್ತೊಮ್ಮೆ, ನಿನ್ನನ್ನು ಕೇಳದೆ. ಎಲ್ಲ ಪುಟಗಳಿಗೂ ಅಂಕಿ ಹಾಕಿದ್ದೀ, ಪ್ರತಿ ಪುಟದ ಕೆಳಗೂ ಪೈಡಮ್ಮನ ಹೆಬ್ಬೆಟ್ಟು ಒತ್ತಿಸಿದ್ದೀ. ಮೊದಲ ಪುಟದಲ್ಲಿ ಹೀಗಿತ್ತು: ‘ಇವು ಮುಟ್ಟಿದ ಚೌಕಗಳು. ಲಂಟಾನ ಕಿತ್ತವರು ಊರಿನ ಹೆಂಗಸರು. ಕಾರಣ ಪೂಜೆ. ಮೊದಲು ಅರಿಶಿನ ಹಚ್ಚಿದವರು—’ ಅಲ್ಲಿಂದ ಮುಂದೆ ಒಂದು ಸಾಲು ಖಾಲಿ. ಊಹಿಸಿ ಬರೆಯಬಹುದಿತ್ತು, ನೀನು ಬರೆದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬಿಟ್ಟಿದ್ದೀ. ನನ್ನ ಜೇಬಿನಲ್ಲಿ ಪೆನ್ನಿತ್ತು. ತೆಗೆಯಲಿಲ್ಲ. ಪುಸ್ತಕ ಮುಚ್ಚಿಟ್ಟು ಗುಡ್ಡ ಇಳಿದುಬಿಟ್ಟೆ.

ಪುಟ ನಲವತ್ತೊಂದನ್ನೂ, ನಾನು ಹತ್ತದೆಯೇ ಸಹಿ ಹಾಕಿದ ತಿಂಗಳುಗಳ ಪಟ್ಟಿಯನ್ನೂ, ಈ ಬರಹದ ಪ್ರತಿಯನ್ನೂ ಸಮಿತಿಗೆ, ಸಂಸ್ಥೆಗೆ ಇವತ್ತು ಕಳಿಸಿದ್ದೇನೆ. ನಿನ್ನ ನೋಂದಣಿ ಅದರಿಂದ ಮರಳಿ ಬರುತ್ತದೋ ಇಲ್ಲವೋ, ಹೇಳಲಾರೆ. ನಿಮ್ಮಪ್ಪನವರ ಮುಂದೆ ನಿಂತು ಹೇಳುವುದು ಇನ್ನೂ ಬಾಕಿ ಇದೆ; ಮುಂದಿನ ವಾರ ಬರುತ್ತೇನೆ, ಬಾಗಿಲು ತೆರೆಯದಿದ್ದರೆ ಹೊರಗೆ ನಿಂತೇ ಹೇಳಿ ಹೋಗುತ್ತೇನೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುವ ಜಾತಿಯವಳು.

ಆ ಖಾಲಿ ಸಾಲು ಮಾತ್ರ ಇನ್ನು ಖಾಲಿ ಇರಬಾರದು. ಮೊದಲು ಅರಿಶಿನ ಹಚ್ಚಿದವನು ಶ್ರೀಪಾದ. ಪೆನ್ನಿನಲ್ಲೇ ಬರಿ.